ತಾನು ಆರಿಸದ ಟೈರು

“ಬುದ್ಧಿ, ನಾನು ಆರಿಸಿಕೊಳ್ಳದೆ ನನ್ನೊಡನೆ ಬಂದದ್ದಕ್ಕೆ ನಾನು ಹೇಗೆ ಹೊಣೆಯಾಗುತ್ತೇನೆ?” ಎಂದು ಶಿಷ್ಯ ಗುರುಗಳನ್ನು ಕೇಳಿದ.

ಆ ಬೆಳಿಗ್ಗೆ ಉಪ್ಪಿಟ್ಟು ತಣ್ಣಗಾಗಿದೆಯೆಂದು ಅವನು ಮಠದ ಅಡುಗೆಯ ಅಜ್ಜಿಯ ಮೇಲೆ ಕೂಗಾಡಿದ್ದ. ಅಜ್ಜಿ ಸೌಟು ತೊಳೆದಿಟ್ಟು, ಸೀರೆಗಳ ಗಂಟು ಕಟ್ಟಿಕೊಂಡು, ಬಸ್ಸಿಗೆ ಕಾಯುತ್ತ ಹೆಬ್ಬಾಗಿಲಲ್ಲಿ ಕುಳಿತಿದ್ದಳು. ಎಂಟು ವರ್ಷ ಅವನಿಗೆ ಬಡಿಸಿದವಳು. “ಮಗಾ, ನಿನ್ನ ಸಿಟ್ಟು ಕೈ ಮೀರ್ತಿದೆ, ನೋಡ್ಕೋ” ಎಂದು ಹಲವು ಸಲ ಹೇಳಿದವಳೂ ಅವಳೇ.

“ಈ ಸಿಟ್ಟು ಅಪ್ಪನಿಂದ ಬಂದದ್ದು. ಅವರಿಗೆ ಅವರ ಅಪ್ಪನಿಂದ. ನಾನು ಬೇಡಿ ತಂದದ್ದಲ್ಲ” ಎಂದ.

ಗುರುಗಳು ಹೇಳಿದರು:

ಒಬ್ಬ ಚಪ್ಪಲಿ ವ್ಯಾಪಾರಿಯಿದ್ದ. ಅಟ್ಟೆಗೆ ಹೆಬ್ಬೆರಳಿನ ಉಗುರು ಊರಿ ನೋಡದೆ ಒಂದು ಜೊತೆಯನ್ನೂ ಅಂಗಡಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಉಗುರು ಇಳಿಯದಿದ್ದರೆ, “ಸವೆಯೋದೇನೋ ಇಲ್ಲ, ಆದರೆ ಬಚ್ಚಲಲ್ಲಿ ಜಾರುತ್ತೆ” ಎಂದು ವಾಪಸು ಕಳಿಸುತ್ತಿದ್ದ.

ಅವನು ಹೊಸ ಕಾರು ಕೊಂಡ. ಬಣ್ಣ ಆರಿಸಲು ಒಂದು ವಾರ ಹಿಡಿಯಿತು. ಸೀಟಿನ ಬಟ್ಟೆ ಮನಸ್ಸಿಗೆ ಬಾರದೆ ಮೂರು ಸಲ ತೆಗೆಸಿ ಬೇರೆ ಹಾಕಿಸಿದ. ಪೂಜೆಯ ದಿನ ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟರು. ವ್ಯಾಪಾರಿ ಬಗ್ಗಿ, ನಿಂಬೆಹಣ್ಣು ಸರಿಯಾಗಿ ಕೂತಿದೆಯೇ ಎಂದು ನೋಡಿದ. ಟೈರನ್ನು ನೋಡಲಿಲ್ಲ.

ಒಮ್ಮೆ ಗಾಳಿ ತುಂಬಿಸಲು ಹೋದಾಗ ಟೈರಿನ ಅಂಗಡಿಯವನು ಕುಕ್ಕರಗಾಲಲ್ಲಿ ಕೂತು ಟೈರಿಗೆ ಉಗುರು ಊರಿ ನೋಡಿದ.

“ಸಾಹುಕಾರ್ರೇ, ರಬ್ಬರು ತೀರಾ ಗಟ್ಟಿ. ವರ್ಷಗಟ್ಟಲೆ ಬಾಳುತ್ತೆ, ಒದ್ದೆ ರಸ್ತೆ ಮಾತ್ರ ಹಿಡಿಯೋದಿಲ್ಲ. ಮಳೆಗಾಲದೊಳಗೆ ಬದಲಾಯಿಸಿಬಿಡಿ.”

“ಟೈರು ಮಾರೋನು ನೀನು, ಇನ್ನೇನು ಹೇಳ್ತೀಯ? ಕಾರು ಮಾಡಿದ ಕಂಪನಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತೇನಯ್ಯ?” ಎಂದು ವ್ಯಾಪಾರಿ ನಕ್ಕು ಹೊರಟುಹೋದ.

ಮೊದಲ ಮಳೆಯ ದಿನ, ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ವ್ಯಾಪಾರಿ ಬ್ರೇಕು ಒತ್ತಿದ. ಕಾರು ನಿಲ್ಲಲಿಲ್ಲ. ಜಾರಿಕೊಂಡು ಹೋಗಿ ಸೇತುವೆಯ ಕಟ್ಟೆಗೆ ಬಡಿಯಿತು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ಬಲಗೈ ಮುರಿಯಿತು.

ಆಸ್ಪತ್ರೆಯಲ್ಲಿ ಅವನು, “ಟೈರು ಹಾಕಿದ್ದು ಕಂಪನಿಯವರು. ನಾನು ಆರಿಸಿದ್ದಲ್ಲವಲ್ಲ” ಎಂದ.

“ಸೀಟಿನ ಬಟ್ಟೆ ಹಾಕಿದ್ದೂ ಅವರೇ ಕಣ್ರೀ. ಅದನ್ನ ಮೂರು ಸಲ ತೆಗೆಸಿದಿರಲ್ಲ” ಎಂದು ಹೆಂಡತಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

“ಆದರೂ ಬುದ್ಧಿ, ಕಂಪನಿಯದು ಏನೂ ತಪ್ಪಿಲ್ಲವೆ?” ಎಂದು ಶಿಷ್ಯ ಕೇಳಿದ.

“ಅಂಗಡಿಯವನು ಹೇಳುವ ತನಕ ಅದು ಕಂಪನಿಯ ತಪ್ಪು, ಹೇಳಿದ ಮೇಲೆ ವ್ಯಾಪಾರಿಯದು. ನಿನಗೆ ಹೇಳಿದವಳ ಬಸ್ಸು ಹನ್ನೊಂದಕ್ಕೆ ಬರುತ್ತದೆ.”

ಶಿಷ್ಯ ಎದ್ದು ಹೆಬ್ಬಾಗಿಲ ಕಡೆಗೆ ನಡೆದ.