ಒಂದನೇ ಪೆಟ್ಟಿಗೆಯ ಅಜ್ಜಿ

ಕೇಳ್ರಪ್ಪಾ ಕೇಳಿ! ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ, ಗುರುಮಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕಷ್ಟ. ಹೋಟೆಲಿನವರು ಓಡಿಸಿದರು, ಹೂವಿನಂಗಡಿಯವರು ಓಡಿಸಿದರು. "ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ತುತ್ತು ಹಾಕೋರು ಯಾರಪ್ಪಾ?" ಎಂದು ಅವಳು ಹಣೆ ಬಡಿದುಕೊಳ್ಳುವಾಗ ಗುಜರಿ ಅಂಗಡಿಯ ಖಲೀಲ್ ಸಾಬರು, "ಕಳಿಸು ತಾಯಿ, ನೋಡೋಣ" ಎಂದರು. ಆ ಪುಣ್ಯಾತ್ಮರನ್ನು ನೆನೆದು ದಿನಾ ಕೈ ಮುಗಿದೇ ಅವಳು ಮಲಗುತ್ತಿದ್ದಳು.

ಕೆಲಸ ಏನು? ಹಳೇ ಕಂಪ್ಯೂಟರ್ ಬಿಚ್ಚಿ ತೆಗೆದ ಚಿಪ್‌ಗಳನ್ನು ಆರಿಸುವುದು. ಬಂಗಾರದ ಲೇಪವಿರುವ ಹಳೇ ಚಿಪ್ ಒಂದನೇ ಪೆಟ್ಟಿಗೆಗೆ, ಬರೀ ಕರಿ ಪ್ಲಾಸ್ಟಿಕ್ಕಿನದು ಎರಡನೇ ಪೆಟ್ಟಿಗೆಗೆ, ಕಬ್ಬಿಣ ಹೊರಗಿನ ರಾಶಿಗೆ.

"ಹಳದಿ ಹೊಳೆಯೋದೆಲ್ಲ ಒಂದನೇ ಪೆಟ್ಟಿಗೆಗೆ ಹಾಕು" ಎಂದರು ಸಾಬರು.

ಹಾಕಿದ! ಸಂಜೆ ನೋಡಿದರೆ ಚಿಪ್‌ಗಳ ಜೊತೆ ಹಿತ್ತಾಳೆ ಚೊಂಬು, ಬಾಗಿಲ ಚಿಲಕ, ಸಾಬರ ಬುತ್ತಿಯ ಚಿತ್ರಾನ್ನ!

"ಅಯ್ಯೋ ಪೆದ್ದೇ! ಹೊಳಪು ನೋಡಿದ್ರೆ ಸಾಲ್ದು ಕಣೋ. ಮ್ಯಾಗ್ನೆಟ್ ಹಿಡಿ. ಅಂಟಿದ್ದೆಲ್ಲ ಕಬ್ಬಿಣ, ಹೊರಗೆ ಹಾಕು!"

"ಆಗ್ಲಿ ಸಾಬ್ರೇ, ಹಂಗೇ ಮಾಡ್ತೀನಿ!"

ಹಾಗೇ ಮಾಡಿದ! ತಕ್ಕಡಿ ಅಂಟಿತು, ಹೊರಗೆ. ತೂಕದ ಬಟ್ಟು ಅಂಟಿತು, ಹೊರಗೆ. ಸಾಬರ ಕುರ್ಚಿ ಅಂಟಿತು, ಸಾಬರ ಸಮೇತ ಹೊರಗೆ!

ಚಿಕ್ಕತಾಯಮ್ಮ ಓಡಿ ಬಂದಳು. "ಇದೊಂದು ಸಲ ಹೊಟ್ಟೆಗೆ ಹಾಕ್ಕೊಳ್ಳಿ ಸಾಬ್ರೇ!"

ಸಾಬರು ಬೈದರು, ಬೈದು ಸುಸ್ತಾಗಿ ಮತ್ತೆ ಹೇಳಿಕೊಟ್ಟರು. "ಎಷ್ಟು ಹಳೇದೋ ಅಷ್ಟು ಬೆಲೆ ಕಣೋ. ಚಿಪ್‌ನ ಅಡಿ ತಂತಿ ಕಾಲು ಇರ್ತಾವೆ, ಮುರಿದಿಲ್ಲ ತಾನೇ ನೋಡು. ಹತ್ತಿ ಹಾಸಿ ಜೋಪಾನವಾಗಿ ಕೂರಿಸು. ನಾಳೆ ವ್ಯಾಪಾರಿ ಆಟೋ ಕಳಿಸ್ತಾನೆ, ಒಂದನೇ ಪೆಟ್ಟಿಗೆ ಏರಿಸಿಕೊಡು. ಇನ್ನೊಂದು ಎಡವಟ್ಟು ಮಾಡಿದ್ಯೋ, ಸೀದಾ ಮನೆಗೆ!"

ಮರುದಿನ ಶುಕ್ರವಾರ, ಸಾಬರು ನಮಾಜಿಗೆ ಹೋದರು. ಗುರುಮಲ್ಲ ಅಂಗಡಿಯೆಲ್ಲ ಹುಡುಕಿದ. ಎಲ್ಲಕ್ಕಿಂತ ಹಳೇದು ಯಾವುದು? ಜಗಲಿಯ ಮೇಲೆ ಕೂತಿದ್ದರು ಸಾಬರ ತಾಯಿ ಜುಲೇಖಜ್ಜಿ! ಕಿವಿಯಲ್ಲಿ ಹಳದಿ ಓಲೆ, ಹೊಳೆಯಿತು. ಮ್ಯಾಗ್ನೆಟ್ ಹಿಡಿದ, ಅಂಟಲಿಲ್ಲ.

"ಅಜ್ಜೀ, ಕಾಲು ಹೆಂಗವೆ?"

"ಮಂಡಿ ನೋವು ಕಣೋ ಮಗಾ, ಮುರಿದಂತೂ ಇಲ್ಲ."

"ಹಂಗಾದ್ರೆ ಒಂದನೇದು!"

ಪೆಟ್ಟಿಗೆಯ ಚಿಪ್‌ಗಳನ್ನೆಲ್ಲ ನೆಲಕ್ಕೆ ಸುರಿದ, ಹತ್ತಿ ಹಾಸಿದ, ಅಜ್ಜಿಯನ್ನು ಕೂರಿಸಿ ಆಟೋಗೆ ಏರಿಸಿದ. ಡ್ರೈವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಅಜ್ಜಿಯೇ, "ಏನು ನೋಡ್ತೀಯಾ? ಹೊರಡಪ್ಪಾ!" ಎಂದರು.

ಸಾಬರು ಬಂದರು. "ಅಮ್ಮ ಎಲ್ಲೋ?"

"ಮಾರಾಟಕ್ಕೆ ಹೋದ್ರು ಸಾಬ್ರೇ!"

ಸುದ್ದಿ ಕೇಳಿ ಬಂದ ಚಿಕ್ಕತಾಯಮ್ಮ ಅಲ್ಲೇ ಕುಸಿದಳು. "ಹೋಯ್ತು! ನನ್ನ ಮಗನ ಅನ್ನ ಹೋಯ್ತು!"

ಅಷ್ಟರಲ್ಲಿ ಆಟೋ ವಾಪಸ್ ಬಂತು. ಪೆಟ್ಟಿಗೆಯಲ್ಲಿ ಅಜ್ಜಿ, ಕೈಯಲ್ಲಿ ಹಲ್ವದ ಪೊಟ್ಟಣ, ಮುಖದ ತುಂಬ ನಗು.

"ಬೆಲೆ ಕಟ್ಟೋಕೆ ನನ್ನ ಕೈಲಾಗಲ್ಲ ಅಂತ ವ್ಯಾಪಾರಿ ಕೈ ಮುಗಿದು ಕಳಿಸಿದ ಕಣೋ ಖಲೀಲಾ! ಪೇಟೆ ಬೀದಿ ನೋಡಿ ಎಷ್ಟು ಕಾಲ ಆಗಿತ್ತು! ನನ್ನ ಮುಂದೆ ದಿನಾ ಎಲ್ಲರೂ ಓಡಾಡ್ತೀರಿ, ಕಾಲು ಹೆಂಗಿದೆ ಅಂತ ಕೇಳಿದವನು ಇವನೊಬ್ಬನೇ. ಇವನು ಇಲ್ಲೇ ಇರಬೇಕು, ನನ್ನಾಣೆ!"

ಸಾಬರು ತಲೆ ತಗ್ಗಿಸಿ ತಾಯಿಯ ಕಾಲು ಮುಟ್ಟಿದರು. "ಇರ್ಲಿ ಅಮ್ಮಾ, ಕೊನೇತನಕ ಇರ್ಲಿ" ಎಂದರು.

ಚಿಕ್ಕತಾಯಮ್ಮನಿಗೆ ಅಳು ತಡೆಯಲಾಗಲಿಲ್ಲ. ಎರಡೂ ಕೈ ಜೋಡಿಸಿ, "ನನ್ನ ಮಗನಿಗೆ ಅನ್ನ ಕೊಟ್ರಿ ತಾಯೀ, ಈ ಋಣ ಹೆಂಗೆ ತೀರಿಸ್ಲಿ!" ಎಂದಳು.

ಗುರುಮಲ್ಲ ಅವಳನ್ನೇ ನೋಡಿದ. ಅವ್ವನೂ ಹಳಬಳೇ! ಖುಷಿಯಿಂದ ಮ್ಯಾಗ್ನೆಟ್ ತಂದು ಹಿಡಿದ. ಬಳೆಗೆ ಸಿಕ್ಕಿಸಿದ್ದ ಪಿನ್ನಿಗೆ ಅದು ಟಕ್ಕನೆ ಅಂಟಿತು.

"ಅಯ್ಯೋ ಅವ್ವಾ, ನೀನು ಕಬ್ಬಿಣ!" ಎಂದು ಗೋಳಾಡುತ್ತಾ ಅವಳನ್ನು ಅನಾಮತ್ತಾಗಿ ಎತ್ತಿ ಒಯ್ದು ಹೊರಗಿನ ರಾಶಿಯ ಮೇಲೆ ಕೂರಿಸಿದ. ಅವಳೋ, ತುಕ್ಕು ಹಿಡಿದ ಕಬ್ಬಿಣದ ಮೇಲೆ ಕೂತು, ಮುಗಿದ ಕೈ ಬಿಡದೆ, ಅಂಗಡಿಯ ಕಡೆಗೇ ತಿರುಗಿ ನಗುತ್ತಿದ್ದಳು.