ಪಟೇಲನ ಮನೆ ಮುಂದೆ ನಡೆದ ಮೋಟಾರ್‌ಸೈಕಲ್ಲು

ಶಿಷ್ಯ ಕೇಳಿದ: "ಗುರುಗಳೇ, ನಮ್ಮವರಲ್ಲಿ ಯಾರಿಗೂ ಸಿಗದ ಮರ್ಯಾದೆ ನನಗೊಬ್ಬನಿಗೆ ಸಿಕ್ಕರೆ, ಅದನ್ನು ಪಡೆಯುವುದು ತಪ್ಪೇ?"

ಗುರುಗಳು ಹೇಳಿದರು: "ಒಂದು ಮೋಟಾರ್‌ಸೈಕಲ್ಲು ಮೇಲೆ ಸವಾರನಿಲ್ಲದೆ ಎತ್ತಿನ ಹಾಗೆ ನಡೆದುಕೊಂಡು ಹೋಯಿತು ಎಂದರೆ ನೀನು ನಂಬುವುದಿಲ್ಲ. ನಂಬಬೇಡ, ನೋಡೋಣ. ನಂಬದವನು ಕೇಳಿದರೇನೇ ಈ ಕತೆಗೆ ಗತ್ತು. ನಡುವೆ ಮಾತ್ರ ಬಾಯಿ ಹಾಕಬೇಡ."

ಒಬ್ಬ ಕಲ್ಲುಕುಟಿಗನಿದ್ದ. ಊರಾಚೆಯ ಕೇರಿಯವನು. ಮೂರು ಕೈ ದಾಟಿ ಬಂದ ಹಳೆಯ ಮೋಟಾರ್‌ಸೈಕಲ್ಲೊಂದು ಅವನದಾಯಿತು. ಕೊಂಡಾಗ ಅದು ಹತ್ತು ಸಲ ಒದ್ದರೂ ಏಳುತ್ತಿರಲಿಲ್ಲ. ಅವನು ಇಂಜಿನ್ ಬಿಚ್ಚಿದ, ತೊಳೆದ, ಮತ್ತೆ ಕೂಡಿಸಿದ. ಪ್ರತಿ ಭಾನುವಾರ ಚೈನನ್ನು ಸೀಮೆಎಣ್ಣೆಯಲ್ಲಿ ಉಜ್ಜಿದ, ಪ್ಲಗ್ಗಿನ ಮಸಿ ಕೆರೆದ. ಆಮೇಲೆ ಅದು ಒಂದೇ ಒದೆತಕ್ಕೆ ಏಳತೊಡಗಿತು. ಹತ್ತೂರಲ್ಲಿ ಇಂಥ ಗಾಡಿಯಿಲ್ಲ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಇರಲೂ ಇಲ್ಲ.

ಅವನು ಕಲ್ಲು ಒಡೆಯುವ ಕ್ವಾರಿಯ ರಸ್ತೆ ಪಟೇಲನ ಮನೆ ಮುಂದೆ ಹಾದು ಹೋಗುತ್ತಿತ್ತು. ಅಲ್ಲಿ ಕೇರಿಯವರು ಗಾಡಿಯ ಮೇಲೆ ಕೂತು ಹೋಗುವಂತಿರಲಿಲ್ಲ. ಸೈಕಲ್ಲಾಗಲಿ ಮೋಟಾರಾಗಲಿ, ಇಳಿದು ನಡೆಯಬೇಕು. ಮನೆ ದಾಟಿದ ಮೇಲೆ ಹತ್ತಬೇಕು. ಕೇರಿಯ ಹಿರಿಯರು ಕೈಮುಗಿದು ಕೇಳಿಕೊಂಡರೆಂದು ಅವನೂ ಒಂದು ವರ್ಷ ಇಳಿದು ತಳ್ಳಿದ. ಬೆವರಿಗೆ ಅವನು ಅಂಜಿದವನಲ್ಲ. ಅಷ್ಟು ಚೆನ್ನಾಗಿ ಓಡುವ ಇಂಜಿನ್ನಿನ ಬಾಯಿ ಮುಚ್ಚಿಸುವುದು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಕ್ವಾರಿಯ ಬಯಲಿನಲ್ಲಿ ಅಭ್ಯಾಸ ಹಿಡಿದ. ಕಾರ್ಬ್ಯುರೇಟರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು, ನೋಡುವುದು, ಮತ್ತೆ ತಿರುಗಿಸುವುದು. ತಿಂಗಳು ಹಿಡಿಯಿತು. ಕೊನೆಗೆ ಮೊದಲನೇ ಗೇರಿನಲ್ಲಿ, ಎಕ್ಸಿಲೇಟರ್ ಮುಟ್ಟದೆ, ಗಾಡಿ ಮನುಷ್ಯನ ನಡಿಗೆಗೆ ಸರಿಯಾಗಿ ತಾನೇ ನಡೆಯಿತು.

ಮರುದಿನ ಬೆಳಿಗ್ಗೆ ಪಟೇಲನ ಮನೆ ಬಂದಾಗ ಅವನು ಇಳಿದ. ಹ್ಯಾಂಡಲ್ ಮೇಲೆ ಒಂದು ಕೈ ಇಟ್ಟು ಪಕ್ಕದಲ್ಲಿ ನಡೆದ. ಗಾಡಿ ಡುಗುಡುಗು ಎನ್ನುತ್ತ ಖಾಲಿ ಸೀಟು ಹೊತ್ತು ನಡೆಯಿತು. ಜನ ಮನೆಗಳಿಂದ ಹೊರಗೆ ಬಂದರು.

"ಇದೇನೋ ಹೊಸ ನಾಟಕ?" ಎಂದ ಪಟೇಲ, ಜಗಲಿಯ ಕುರ್ಚಿಯಿಂದ.

"ಇಳಿದು ನಡೆಯಬೇಕು ಅಂತ ಕಟ್ಟಳೆ, ಪಟೇಲರೇ. ಇಳಿದಿದ್ದೀನಿ, ನಡೀತಿದ್ದೀನಿ. ಗಾಡಿ ಸುಮ್ಮನಿರಬೇಕು ಅಂತ ಯಾರೂ ಹೇಳಿಲ್ಲವಲ್ಲ."

ಬೀದಿ ನಕ್ಕಿತು. ಪಟೇಲ ದಡ್ಡನಲ್ಲ, ಅವನೂ ನಕ್ಕ. ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಭಲೆ. ಗಾಡಿ ಚೆನ್ನಾಗಿ ಸಾಕಿದ್ದೀಯ. ನಾಳೆಯಿಂದ ಕೂತೇ ಹೋಗು, ಅಪ್ಪಣೆ ಕೊಟ್ಟಿದ್ದೀನಿ. ನಿನಗೊಬ್ಬನಿಗೆ."

ಕಲ್ಲುಕುಟಿಗ ಅಂದು ರಾತ್ರಿ ಉಬ್ಬಿಹೋದ. ಬೆಳಿಗ್ಗೆ ಎದೆ ಸೆಟೆಸಿಕೊಂಡು ಕೂತು, ಪಟೇಲನ ಮನೆ ಮುಂದೆ ಬಂದ. ಕನ್ನಡಿಯಲ್ಲಿ ನೋಡಿದ. ಹಿಂದೆ ಅವನ ಸೋದರಮಾವ ಸೈಕಲ್ಲಿನಿಂದ ಇಳಿಯುತ್ತಿದ್ದ. ಮಂಡಿ ನೋವಿನ ಮನುಷ್ಯ, ಇಳಿಯಲು ಬಹಳ ಹೊತ್ತು ಬೇಕಾಯಿತು.

ಅವನು ಮಾವನ ಬಳಿಗೆ ಗಾಡಿ ತಿರುಗಿಸಿದ. ಮಾವನ ಸೈಕಲ್ಲನ್ನು ಬೇಲಿಗೆ ಒರಗಿಸಿ, ಮಾವನನ್ನು ತನ್ನ ಸೀಟಿನ ಮೇಲೆ ಕೂರಿಸಿದ.

"ಬೇಡ ಕಣೋ, ಕಾಲು ನಡುಗ್ತವೆ."

"ನೆಲದ ಮೇಲಿದ್ದರೆ ತಾನೆ ಮಾವ ನಡುಗೋದು? ಮೇಲೆ ಇಟ್ಟುಕೋ."

ಗಾಡಿ ಮತ್ತೆ ಪಟೇಲನ ಮನೆ ಕಡೆಗೆ ನಡೆಯಿತು. ಅವನು ಪಕ್ಕದಲ್ಲಿ ನಡೆದ. ಪಟೇಲ ಎದ್ದು ನಿಂತ.

"ಅಪ್ಪಣೆ ನಿನಗೆ ಕೊಟ್ಟಿದ್ದು."

"ನನ್ನದು ತಾನೆ? ಅದನ್ನ ಮಾವನಿಗೆ ಕೊಟ್ಟೆ. ನಾನು ನಡೀತೀನಿ."

"ವಾಪಸ್ಸು ತಗೊಂಡರೆ?"

"ತಗೊಳ್ಳಿ. ನಾಳೆಯೂ ಬರ್ತೀವಿ."

ಮರುದಿನ ಅವನು ಕೇರಿಯ ಮುದುಕಿಯೊಬ್ಬಳನ್ನು ಕೂರಿಸಿಕೊಂಡು ಬಂದ. ಅದರ ಮರುದಿನ ಚಪ್ಪಲಿ ಹೊಲಿಯುವವನು ಕೂತ. ಒಂದು ದಿನ ಯಾರೋ ಟೈರಿಗೆ ಮೊಳೆ ಹೊಡೆದರು. ತೇಪೆ ಹಾಕಿಕೊಂಡು ಮಧ್ಯಾಹ್ನ ಬಂದ. ಇನ್ನೊಂದು ದಿನ ಟ್ಯಾಂಕಿಗೆ ಮಣ್ಣು ಸುರಿದರು. ಬಿಚ್ಚಿ ತೊಳೆದು ಮಾರನೆಯ ದಿನ ಬಂದ. ಗಾಡಿಯ ಒಂದೊಂದು ನಟ್ಟೂ ಅವನ ಕೈಗೆ ಗೊತ್ತಿತ್ತು. ಪಟೇಲ ಕುರ್ಚಿಯನ್ನು ಒಳಗೆ ಹಾಕಿಸಿಕೊಂಡ. ಆಮೇಲಾಮೇಲೆ ಸೈಕಲ್ಲಿನವರೂ ಇಳಿಯುವುದನ್ನು ಬಿಟ್ಟರು. ಕಲ್ಲುಕುಟಿಗ ಮಾತ್ರ ದಿನಕ್ಕೊಬ್ಬರನ್ನು ಕೂರಿಸಿ ನಡೆಯುತ್ತಲೇ ಇದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಇಷ್ಟೆಲ್ಲ ಮಾಡಿದವನಿಗೆ ಕೊನೆಗೆ ಸಿಕ್ಕಿದ್ದೇನು?"

"ಕೇರಿಯಲ್ಲಿ ಕೂರದವರು ಯಾರೂ ಉಳಿಯದ ದಿನ, ಪಟೇಲನ ಮನೆ ಮುಂದೆ ತನ್ನ ಗಾಡಿಯ ಮೇಲೆ ಕೂರುವ ಸರದಿ ಅವನಿಗೂ ಸಿಕ್ಕಿತು."