ಮೊಹರು ಕಾದ ಆರನೆಯ ವಾರ

ಮದ್ದು ಬೆರೆಸಿದ ಕೊಳವೆಯಲ್ಲಿ ಕ್ಷಯದ ಕ್ರಿಮಿ ಬೆಳೆದಿಲ್ಲ ಎಂದು ಬರೆಯುವ ಮೊದಲು ಪೂರ್ತಿ ಆರು ವಾರ ಕಾಯಬೇಕು. ಪ್ರಯೋಗಾಲಯದ ಗೋಡೆಯ ಮೇಲೇ ಇದ್ದ ಈ ನಿಯಮವನ್ನು ಅಲ್ಲಿದ್ದವರಲ್ಲಿ ಹೆಚ್ಚಿನವರು ಮುರಿದರು.

ಕಲ್ಲುಕ್ವಾರಿಯ ಹುಲಿಗೆಮ್ಮನ ಕಫ ಕೊಳವೆ ಸೇರಿ ಐದು ವಾರವಾಗಿತ್ತು. ಕೊಳವೆಯಲ್ಲಿ ಬೆರೆಸಿದ್ದು ಅವಳು ನುಂಗುತ್ತಿದ್ದ ಮಾತ್ರೆಯ ಮದ್ದನ್ನೇ. ಕ್ರಿಮಿ ಬೆಳೆಯದಿದ್ದರೆ ಅವಳಿಗೆ ಅದೇ ಹಳೆಯ ಮಾತ್ರೆ ಸಾಕು. ಬೆಳೆದರೆ ಆ ಮಾತ್ರೆ ಅವಳಿಗೆ ನಾಟುವುದಿಲ್ಲ, ಬೇರೆ ಮದ್ದು ಕೊಡದಿದ್ದರೆ ಅವಳು ಉಳಿಯುವುದಿಲ್ಲ.

"ಐದು ವಾರ ಏನು ಕಡಿಮೆಯೇ? ನಾನೂ ಹಾಳೆ ತಿರುಗಿಸಬೇಕಲ್ಲ," ಎಂದಿತು ಕ್ಯಾಲೆಂಡರು.

"ನನ್ನಂಥ ಕಣ್ಣಿಗೇ ಏನೂ ಕಾಣಿಸಲಿಲ್ಲ," ಎಂದಿತು ಭೂತಗನ್ನಡಿ.

"ಪಾಪ, ಹುಲಿಗೆಮ್ಮ ದಿನಾ ಬಂದು ಕೇಳುತ್ತಾಳೆ," ಎನ್ನುತ್ತ ಪೆನ್ನು ವರದಿಯ ಕಾಗದದಲ್ಲಿ 'ಬೆಳೆದಿಲ್ಲ' ಎಂದು ಬರೆದೇಬಿಟ್ಟಿತು.

ಇನ್ನು ಉಳಿದದ್ದು ಮೊಹರು. ಅದು ಕೊಳವೆಯನ್ನು ಕೇಳಿತು, "ತಂಗೀ, ನೀನೇನು ಹೇಳುತ್ತೀ?"

"ನನಗಿನ್ನೂ ಗೊತ್ತಿಲ್ಲ ಅಣ್ಣ. ಇಷ್ಟು ದಿನ ನನ್ನನ್ನು ಯಾರೂ ಕೇಳಲೂ ಇಲ್ಲ."

"ಹಾಗಾದರೆ ನಿಯಮದಂತೆ ಇನ್ನೊಂದು ವಾರ ಕಾಯೋಣ," ಎಂದಿತು ಮೊಹರು.

ಭೂತಗನ್ನಡಿ ಅದನ್ನು ನೋಡಿ ನಕ್ಕಿತು. "ಮೈಮೇಲಿನ ಅಕ್ಷರವೇ ತಿರುಗುಮುರುಗು, ನೀನು ನಮಗೆ ನಿಯಮ ಓದಿ ಹೇಳುತ್ತೀಯಾ?"

"ತಿರುಗುಮುರುಗೇ, ಒಪ್ಪಿದೆ. ಆದರೆ ನಾನು ಬಿದ್ದ ಮೇಲೆ ಆ ಕಾಗದವನ್ನು ಯಾರೂ ಅನುಮಾನಿಸುವುದಿಲ್ಲ. ನೀವು ಅವಸರದಲ್ಲಿ ಬರೆದದ್ದನ್ನು ಆ ತಾಯಿ ದಿನಾ ನುಂಗಬೇಕು."

ಹೀಗೆಂದು ಮೊಹರು ಶಾಯಿಯ ಡಬ್ಬಿಯಿಂದ ದೂರ ಉರುಳಿಕೊಂಡು ಹೋಗಿ, ಕೊಳವೆಯ ಪಕ್ಕದಲ್ಲಿ ಒಣಮುಖವನ್ನು ಮೇಲೆ ಮಾಡಿ ಮಲಗಿ, ಆರನೆಯ ವಾರ ಮುಗಿಯುವುದನ್ನು ಕಾಯತೊಡಗಿತು.